ಮೇಷ್ಟ್ರನ್ನು ಕೇಳಿ: ಸರ್ಕಾರ ಹುಟ್ಟಿದ್ದು ಹೇಗೆ, ಸ್ವಾತಂತ್ರ್ಯ ಉಳಿಯುವುದು ಹೇಗೆ?

ಕುತೂಹಲಿ: ಸರ್, ಜನರೆಲ್ಲ ಕೂತು ಒಪ್ಪಂದ ಮಾಡಿಕೊಂಡು ಸರ್ಕಾರ ಕಟ್ಟಿದರು ಅಂತ ಓದಿದ್ದೆ. ನಿಜವಾಗಿ ಹಾಗೇ ಆಯ್ತಾ?

ಮೇಷ್ಟ್ರು: ಅದು ನಡೆದ ಘಟನೆಯಲ್ಲ, ಒಂದು ವಾದ. ಕೌಟಿಲ್ಯನ 'ಅರ್ಥಶಾಸ್ತ್ರ' ಗ್ರಂಥದಲ್ಲೂ ಇದೆ. ದೊಡ್ಡ ಮೀನು ಸಣ್ಣದನ್ನು ನುಂಗುವಂಥ ಸ್ಥಿತಿಗೆ ಬೇಸತ್ತ ಜನ ಮನುವನ್ನು ರಾಜನಾಗಿ ಮಾಡಿಕೊಂಡು, ಬೆಳೆಯಲ್ಲಿ ಆರರಲ್ಲೊಂದು ಪಾಲು ಕೊಟ್ಟರಂತೆ. ಆದರೆ ಹೆಚ್ಚಿನ ಸರ್ಕಾರಗಳು ಯುದ್ಧ ಗೆದ್ದವರಿಂದ, ಇಲ್ಲವೇ ಅಧಿಕಾರ ಕಸಿದವರಿಂದ ಹುಟ್ಟಿದವು ಎಂದು 1748ರಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಬರೆದ. ನನಗೆ ಅವನ ಮಾತೇ ಸರಿ ಅನಿಸುತ್ತದೆ.

ತರಲೆ: ಆರರಲ್ಲೊಂದಾ? ಆಗಲೇ ಶುರು ನೋಡಿ. ತೆರಿಗೆ ಅಂದ್ರೆ ಕಳ್ಳತನ.

ನೇರಮಾತು: ಹಾಗಾದ್ರೆ ಮನೆಗೆ ಕಳ್ಳ ಬಂದಾಗ ಪೊಲೀಸರನ್ನು ಕರೀಬೇಡಿ.

ಹಳೇಹುಲಿ: ಬಂದದ್ದನ್ನು ಹಾಕುತ್ತಿದ್ದೇನೆ. "ಕೋರ್ಟಿಗೆ ಬೀಗ ಹಾಕಿ, ಒಬ್ಬ ಗಟ್ಟಿ ನಾಯಕನಿಗೆ ಹತ್ತು ವರ್ಷ ಪೂರ್ತಿ ಅಧಿಕಾರ ಕೊಡಿ. ಎಲ್ಲ ಸರಿಹೋಗುತ್ತದೆ. ನೂರು ಜನಕ್ಕೆ ಕಳಿಸಿ!"

ಮೇಷ್ಟ್ರು: ಈ ವಾರ ಇದು ಮೂರನೇ ಸಲ. ಹತ್ತನೇ ವರ್ಷದ ಕೊನೆಗೆ ಅವನು ಇಳಿಯಲ್ಲ ಅಂದರೆ ಎಲ್ಲಿಗೆ ಹೋಗುತ್ತೀರಿ? ಕೋರ್ಟಿಗೆ ಬೀಗ ಹಾಕಿದ್ದೀರಲ್ಲ.

ಮುಂಜಾವು: ದಂಗೆ, ಯುದ್ಧ ಬಂದಾಗ ಸ್ವಲ್ಪ ದಿನ ಹಕ್ಕು ಬಿಟ್ಟುಕೊಟ್ಟರೆ ತಪ್ಪೇನು ಸರ್? ಆಮೇಲೆ ವಾಪಸ್ ಸಿಗುತ್ತಲ್ವಾ?

ಮೇಷ್ಟ್ರು: ನನ್ನ ನಿದ್ದೆ ಕೆಡಿಸುವ ಪ್ರಶ್ನೆ ಇದೇ. ಪ್ರಾಚೀನ ರೋಮಿನಲ್ಲಿ ಆಪತ್ತಿಗೆಂದು ಸರ್ವಾಧಿಕಾರಿಯನ್ನು ನೇಮಿಸುತ್ತಿದ್ದರು. ಹೆಚ್ಚೆಂದರೆ ಆರು ತಿಂಗಳು. ಬಹಳ ಕಾಲ ಅದು ನಡೆಯಿತು. ಕ್ರಿ.ಪೂ. 82ರಲ್ಲಿ ಸುಲ್ಲಾ ಎಂಬ ಸೇನಾಪತಿ ಗಡುವೇ ಇಲ್ಲದೆ ಆ ಹುದ್ದೆ ಪಡೆದ. ಅವನೇನೋ ತಾನಾಗಿ ಇಳಿದ. ಕ್ರಿ.ಪೂ. 44ರಲ್ಲಿ ಸೀಸರ್ ಜೀವನಪೂರ್ತಿ ಸರ್ವಾಧಿಕಾರಿಯಾದ.

ಜರ್ಮನಿ ನೋಡಿ. 1933ರ ಫೆಬ್ರವರಿ 27ರಂದು ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಮಾತು, ಪತ್ರಿಕೆ, ಸಭೆ, ಅಂಚೆಯ ಗುಟ್ಟು, ಎಲ್ಲದರ ಹಕ್ಕೂ ಅಮಾನತು. ಸಂವಿಧಾನದ 48ನೇ ವಿಧಿಯ ಪ್ರಕಾರವೇ! ಆದೇಶದಲ್ಲಿ ಇದ್ದದ್ದು 'ಮುಂದಿನ ಸೂಚನೆಯವರೆಗೆ' ಎಂದು. ಹಿಟ್ಲರ್ ಇರುವವರೆಗೂ ಆ ಸೂಚನೆ ಬರಲಿಲ್ಲ. ಮಾರ್ಚ್ 23ರಂದು ಸಂಸತ್ತೇ ಕಾನೂನು ಮಾಡುವ ಅಧಿಕಾರವನ್ನು ಅವನ ಸಂಪುಟಕ್ಕೂ ಕೊಟ್ಟಿತು, ನಾಲ್ಕು ವರ್ಷಕ್ಕೆ ಅಂತ. ಗಡುವು ಇತ್ತು. 1937ರಲ್ಲಿ ಅದನ್ನು ಮುಂದುವರಿಸಿದ್ದು ಅವನದೇ ಪಕ್ಷದವರು ತುಂಬಿದ್ದ ಸಂಸತ್ತು. ಹಾಗಾಗಿ ನಾನು ತಾರೀಖಿಗಿಂತ ಮೊದಲು, ಅದನ್ನು ಮುಂದೂಡುವ ಪೆನ್ನು ಯಾರ ಕೈಲಿದೆ ಅಂತ ನೋಡುತ್ತೇನೆ.

ಹೊಸಬ: ಸರ್ಕಾರ ಹೇಗೆ ಹುಟ್ಟಿತು ಸರ್?

ಮೇಷ್ಟ್ರು: ಮೇಲಿದೆ. ಓದಿ.

ಕುತೂಹಲಿ: ಬ್ರಿಟನ್ನಿನಲ್ಲಿ ಒಂದೇ ಪುಸ್ತಕವಾಗಿ ಬರೆದ ಸಂವಿಧಾನ ಇಲ್ವಲ್ಲ, ಅಲ್ಲಿ ಹಕ್ಕು ಹೇಗೆ ಉಳೀತು?

ತರಲೆ: ತೆರಿಗೆ ಜಗಳದಿಂದಲೇ ಉಳೀತು. ಕೇಳದೆ ವಸೂಲಿ ಮಾಡಬಾರದು ಅಂತ ಇಂಗ್ಲೆಂಡಿನ ರಾಜ ಒಪ್ಪಿದ ಹಕ್ಕುಪತ್ರ, 1215ರ ಮ್ಯಾಗ್ನಾ ಕಾರ್ಟಾದಲ್ಲೇ ಇದೆ.

ನೇರಮಾತು: ಅದನ್ನು ಬರೆಸಿಕೊಂಡಿದ್ದು ದೊಡ್ಡ ಜಮೀನ್ದಾರರು, ತಮಗೋಸ್ಕರ. ಅರ್ಧ ಓದಿ ಬರಬೇಡಿ.

ತರಲೆ: ನೀವು ಆ ಅರ್ಧನೂ ಓದಿಲ್ಲ ಬಿಡಿ.

ಮೇಷ್ಟ್ರು: ಇಬ್ಬರೂ ಸ್ವಲ್ಪ ಸುಮ್ನಿರಿ.

ಹಳೇಹುಲಿ: ಸರ್, ಹತ್ತು ಬೇಡ. ಐದೇ ವರ್ಷ ಕೊಟ್ಟರೆ?

ಮೇಷ್ಟ್ರು: ನಾಲ್ಕು ವರ್ಷ ಕೊಟ್ಟವರ ಕಥೆ ಈಗಷ್ಟೇ ಬರೆದೆನಲ್ಲ ಮಾರಾಯ್ರೆ!