ದೊಡ್ಡಪ್ಪ ಕಳಿಸಿದ ಧ್ರುವದ ವಿಡಿಯೊ

ದೊಡ್ಡಪ್ಪ: (ಸಾಕ್ಷ್ಯಚಿತ್ರ, 40 ನಿಮಿಷ) ಎಲ್ಲರೂ ತಪ್ಪದೆ ನೋಡಿ. ಭೂಮಿಯ ಕಾಂತಕ್ಷೇತ್ರ ಕಮ್ಮಿಯಾಗುತ್ತಿದೆ. ಉತ್ತರದ ಕಾಂತಧ್ರುವ ದಕ್ಷಿಣಕ್ಕೆ, ದಕ್ಷಿಣದ್ದು ಉತ್ತರಕ್ಕೆ ಬರುತ್ತದಂತೆ. ಆಗ ಸೂರ್ಯನ ವಿಕಿರಣಕ್ಕೆ ತಡೆಯೇ ಇರುವುದಿಲ್ಲ. ಮಕ್ಕಳಿಗೂ ತೋರಿಸಿ.

ರೂಪಾ ಅತ್ತಿಗೆ: ಮಾವ, ತೋರಿಸಿದ್ದೇ ತಪ್ಪಾಯಿತು. ಪುಟ್ಟಿ ರಾತ್ರಿ ಎರಡು ಸಲ ಎದ್ದು ಕೂತಳು. ಕಿಟಕಿ ಪರದೆ ಎಳೆದು, ಬೆಳಕು ಬರುವ ಸಂದಿಗೆ ದಿಂಬು ಒತ್ತಿಟ್ಟಿದ್ದಾಳೆ. ನಾನು ದೊಡ್ಡವಳಾಗುವಷ್ಟರಲ್ಲಿ ಎಲ್ಲರಿಗೂ ಕ್ಯಾನ್ಸರ್ ಬರುತ್ತಾ ಅಂತ ಕೇಳುತ್ತಿದ್ದಾಳೆ. ಏನು ಹೇಳಲಿ?

ನಾನು: ಇಲ್ಲ ಅಂತ ಹೇಳಿ ಅತ್ತಿಗೆ. ಧೈರ್ಯವಾಗಿ ಹೇಳಿ. ನಾನು ಈಗಷ್ಟೇ ಪೂರ್ತಿ ನೋಡಿ ಮುಗಿಸಿದೆ.

ದೊಡ್ಡಪ್ಪ: ಅಂದರೆ ಸುಳ್ಳು ಅಂತೀಯಾ? ಅದರಲ್ಲಿ ಮಾತಾಡಿರುವುದು ವಿಜ್ಞಾನಿಗಳೇ ಅಲ್ವಾ?

ನಾನು: ಅವರು ಹೇಳಿದ್ದು ನಿಜ ದೊಡ್ಡಪ್ಪ. ಕಳೆದ 200 ವರ್ಷದಲ್ಲಿ ಕಾಂತಕ್ಷೇತ್ರದ ಬಲ ಸುಮಾರು 9% ಇಳಿದಿದೆ. 1831ರಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕ್ಲಾರ್ಕ್ ರಾಸ್ ಕೆನಡಾದ ಉತ್ತರದಲ್ಲಿ ಗುರುತಿಸಿದ ಕಾಂತಧ್ರುವ ಈಗ ಸೈಬೀರಿಯಾ ಕಡೆ ಸರಿದಿದೆ. ನನ್ನ ತಕರಾರು ಇರುವುದು 11ನೇ ನಿಮಿಷದಲ್ಲಿ, ನೀವೂ ಒಂದು ಸಲ ಹಿಂದಕ್ಕೆ ಎಳೆದು ನೋಡಿ. ವಿಜ್ಞಾನಿ "ಭೂವಿಜ್ಞಾನದ ಲೆಕ್ಕದಲ್ಲಿ ಬೇಗ" ಅನ್ನುತ್ತಾರೆ. ಅಲ್ಲಿಗೆ ಅವರನ್ನು ನಿಲ್ಲಿಸಿ, ಉರಿಯುವ ಆಕಾಶ ತೋರಿಸಿ, ಹಿನ್ನೆಲೆ ಧ್ವನಿ ಬರೀ "ಬೇಗ" ಅನ್ನುತ್ತದೆ. ಭೂವಿಜ್ಞಾನದಲ್ಲಿ ಬೇಗ ಅಂದರೆ ಸಾವಿರಾರು ವರ್ಷ! ಕೊನೆಯ ಸಲ ಧ್ರುವಗಳು ಪೂರ್ತಿ ಅದಲುಬದಲಾಗಿದ್ದು ಸುಮಾರು 7,80,000 ವರ್ಷದ ಹಿಂದೆ. ಆಗಲೂ ನಮ್ಮ ಪೂರ್ವಜರು ಇದ್ದರು, ಉಳಿದುಕೊಂಡರು.

ದೊಡ್ಡಪ್ಪ: 41,000 ವರ್ಷದ ಹಿಂದಿನದ್ದು? ಆಗ ಪ್ರಾಣಿಗಳು ಅಳಿದವು ಅಂತ ಅದರಲ್ಲೇ ಇದೆ.

ನಾನು: ಅದು ಲಶಾಂಪ್ ಘಟನೆ, ಧ್ರುವಗಳು ಸ್ವಲ್ಪ ಕಾಲ ಮಾತ್ರ ತಿರುಗಿ ಮತ್ತೆ ಮೊದಲಿನಂತಾದವು. ಆಗ ಕಾಂತಕ್ಷೇತ್ರ ತುಂಬಾ ದುರ್ಬಲವಾಗಿದ್ದು ಹೌದು. ಪ್ರಾಣಿಗಳು ಅಳಿಯಲು ಅದೇ ಕಾರಣ ಅಂತ 2021ರಲ್ಲಿ ಕೆಲವರು ವಾದಿಸಿದರು, ಬೇರೆ ವಿಜ್ಞಾನಿಗಳು ಒಪ್ಪಲಿಲ್ಲ. ಆ ಒಪ್ಪದವರನ್ನು ಇವರು ತೋರಿಸಲೇ ಇಲ್ಲ.

ಇನ್ನು ಪುಟ್ಟಿಗೆ ಇದನ್ನು ಹೇಳಿ ಅತ್ತಿಗೆ. ಬಾಹ್ಯಾಕಾಶದ ಕಣಗಳಿಂದ ನಮ್ಮನ್ನು ಕಾಯುವುದು ಕಾಂತಕ್ಷೇತ್ರ ಒಂದೇ ಅಲ್ಲ, ಗಾಳಿಯೂ ಕಾಯುತ್ತದೆ. ನಮ್ಮ ತಲೆಯ ಮೇಲಿರುವ ಗಾಳಿಯನ್ನೆಲ್ಲ ತೂಗಿದರೆ 10 ಮೀಟರ್ ಆಳದ ನೀರಿನಷ್ಟಾಗುತ್ತದೆ. ಅಷ್ಟು ದಪ್ಪದ ಹೊದಿಕೆ ಹೊದ್ದು ಮಲಗಿದ್ದಾಳೆ ಅವಳು. ಚರ್ಮ ಸುಡುವ ನೇರಳಾತೀತ ಕಿರಣವನ್ನು ಹೆಚ್ಚಾಗಿ ತಡೆಯುವುದಂತೂ ಗಾಳಿಯ ಮೇಲ್ಭಾಗದ ಓಝೋನ್ ಪದರ, ಆ ಕಿರಣಕ್ಕೂ ಕಾಂತಕ್ಕೂ ನೇರ ಸಂಬಂಧವೇ ಇಲ್ಲ.

ಪ್ರವೀಣ: ಅಕ್ಕ, ಇಂಥ ವಿಡಿಯೊ ಗುಂಪಿನಲ್ಲಿ ಹಾಕುವುದನ್ನೇ ನಿಲ್ಲಿಸಿದರೆ ಆಗಲ್ವಾ?

ಸುಧಾ ಅತ್ತೆ: ಅದು ಸರಿಯಲ್ಲ ಕಣೋ. ಹೆದರಿಕೆ ಆಗದೆ ಯಾರೂ ಎಚ್ಚರ ಆಗುವುದಿಲ್ಲ. ಓಝೋನ್ ತೂತಿನ ಸುದ್ದಿ ಬಂದಾಗ ನಾವೂ ಹೆದರಿದ್ದೆವು.

ನಾನು: ಅತ್ತೆ, ನೀವು ಹೇಳಿದ್ದು ಸರಿ. ಓಝೋನ್ ತೂತು ಪತ್ತೆಯಾಗಿದ್ದು 1985ರಲ್ಲಿ, 1987ಕ್ಕೇ ಮಾಂಟ್ರಿಯಲ್ ಒಪ್ಪಂದ ಆಯಿತು. ಫ್ರಿಜ್ಜು, ಸ್ಪ್ರೇ ಡಬ್ಬಿಯಲ್ಲಿದ್ದ ಅನಿಲಗಳನ್ನು ಬಿಟ್ಟರು, ಈಗ ಪದರ ನಿಧಾನಕ್ಕೆ ತುಂಬಿಕೊಳ್ಳುತ್ತಿದೆ. ಅಲ್ಲಿ ಹೆದರಿದ್ದಕ್ಕೆ ಒಂದು ಕೆಲಸ ಇತ್ತು. ಆದರೆ ಕಾಂತಕ್ಷೇತ್ರವನ್ನು ಹುಟ್ಟಿಸುವ, 2,900 ಕಿಲೋಮೀಟರ್ ಆಳದಲ್ಲಿ ಕರಗಿದ ಕಬ್ಬಿಣ ಹೇಗೆ ಹರಿಯಬೇಕು ಅಂತ ನಾವು ಯಾರೂ ಹೇಳಲು ಆಗುವುದಿಲ್ಲ. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಇದಕ್ಕೆ: 40 ನಿಮಿಷದಲ್ಲಿ ಭೂಮಿ ಬಿಸಿಯಾಗುತ್ತಿರುವುದಕ್ಕೆ ಕೊಟ್ಟಿದ್ದು ಕೊನೆಯ 2 ನಿಮಿಷ. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಕಾರ್ಬನ್ ಡೈಆಕ್ಸೈಡ್ 315 ಭಾಗ ಇತ್ತು, ಈಗ 420 ದಾಟಿದೆ. ಬಿಸಿಗಾಳಿಗೆ ಜನ ಈಗಲೇ ಸಾಯುತ್ತಿದ್ದಾರೆ ದೊಡ್ಡಪ್ಪ. ಪುಟ್ಟಿ ದೊಡ್ಡವಳಾಗುವ ಹೊತ್ತಿಗೆ ಅವಳ ಆರೋಗ್ಯಕ್ಕೆ ತಟ್ಟುವುದು ಇದು, ಮತ್ತು ಇದು ನಮ್ಮ ಕೈಯಲ್ಲೇ ಇದೆ.

ದೊಡ್ಡಪ್ಪ: ಅದನ್ನು ಒಪ್ಪುತ್ತೇನೆ. ಆದರೆ ಸೂರ್ಯನ ವಿಷಯ ಬಿಡುವ ಹಾಗಿಲ್ಲ. 1989ರಲ್ಲಿ ಕೆನಡಾದಲ್ಲಿ ಕರೆಂಟ್ ಹೋಗಿದ್ದು ಸುಮ್ನೆ ಅಲ್ಲ.

ನಾನು: ಖಂಡಿತ ಸುಮ್ನೆ ಅಲ್ಲ. ಸೌರ ಬಿರುಗಾಳಿಗೆ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನರಿಗೆ 9 ಗಂಟೆ ಕರೆಂಟ್ ಇರಲಿಲ್ಲ. ಕಾಂತಕ್ಷೇತ್ರ ಸರಿಯಾಗಿದ್ದಾಗಲೇ ಹಾಗಾಯಿತು. ಆ ಭಾಗ ಚೆನ್ನಾಗಿ ಮಾಡಿದ್ದಾರೆ, 24ನೇ ನಿಮಿಷದಿಂದ ಎಲ್ಲರೂ ನೋಡಿ.

ರೂಪಾ ಅತ್ತಿಗೆ: ಪುಟ್ಟಿಗೆ ಗಾಳಿಯ ಹೊದಿಕೆ ಹಿಡಿಸಿತು. ದಿಂಬು ತೆಗೆದಳು. ಈಗ ಹೊಸ ಪ್ರಶ್ನೆ: ಧ್ರುವ ಅರ್ಧ ತಿರುಗಿದಾಗ ದಿಕ್ಸೂಚಿ ಯಾವ ಕಡೆ ತೋರಿಸುತ್ತೆ?

ನಾನು: ಒಳ್ಳೇ ಪ್ರಶ್ನೆ ಪುಟ್ಟಿ! ಆಗ ಎರಡೇ ಧ್ರುವ ಇರಬೇಕು ಅಂತಿಲ್ಲ, ಅಲ್ಲಲ್ಲಿ ಹಲವು ಏಳಬಹುದು. ಒಂದೊಂದು ಜಾಗದಲ್ಲಿ ಮುಳ್ಳು ಒಂದೊಂದು ಕಡೆ ತಿರುಗುತ್ತದೆ. ಅದೆಲ್ಲ ನಮಗೆ ಗೊತ್ತಾಗುವುದು ಕಲ್ಲುಗಳಿಂದ. ಲಾವಾ ಆರಿ ಗಟ್ಟಿಯಾಗುವಾಗ ಅದರೊಳಗಿನ ಕಬ್ಬಿಣದ ಕಣಗಳು ಆ ಹೊತ್ತಿನ ಕಾಂತಕ್ಷೇತ್ರದ ದಿಕ್ಕನ್ನು ಹಾಗೇ ಹಿಡಿದಿಟ್ಟುಕೊಳ್ಳುತ್ತವೆ. 1906ರಲ್ಲಿ ಫ್ರಾನ್ಸಿನ ವಿಜ್ಞಾನಿ ಬರ್ನಾರ್ಡ್ ಬ್ರೂನ್ ಅಂಥ ಉಲ್ಟಾ ದಿಕ್ಕಿನ ಕಲ್ಲನ್ನು ಗುರುತಿಸಿದರು.

ದೊಡ್ಡಪ್ಪ: ಕಲ್ಲಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಅದರದ್ದು ವಿಡಿಯೊ ಇದ್ದರೆ ಹಾಕಮ್ಮ. ಈ ಸಲ ನಾನೂ ಪುಟ್ಟಿಯೂ ಜೊತೆಗೆ ಕೂತು ನೋಡುತ್ತೇವೆ.