ಅಪ್ಪನ ಹೆಸರಿನ ಟ್ರಸ್ಟ್: ಊರಿನ ಸಂಘಗಳಿಗೆ ಹೇಗೆ ಕೊಡೋದು?

ಕೊಬ್ಬರಿಮಂಡಿ:
ನಮಸ್ಕಾರ. ನಮ್ಮಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ನಲವತ್ತು ವರ್ಷ ವ್ಯಾಪಾರ ಮಾಡಿದವರು. ಅವರು ತೀರಿಕೊಂಡ ಮೇಲೆ ಒಂದು ಸೈಟು ಮಾರಿ, 60 ಲಕ್ಷ ಇಟ್ಟು ಅವರ ಹೆಸರಲ್ಲಿ ಟ್ರಸ್ಟ್ ಮಾಡಿದ್ದೇವೆ. ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡೋ 12ಎಬಿ, ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗೋ 80ಜಿ, ಎರಡೂ ನೋಂದಣಿ ಆಗಿದೆ. ವರ್ಷಕ್ಕೆ ಸುಮಾರು ನಾಲ್ಕು ಲಕ್ಷ ಬಡ್ಡಿ ಬರುತ್ತೆ. ಅದನ್ನು ಸುತ್ತಲ ಹಳ್ಳಿಗಳ ಸಂಘ-ಸಂಸ್ಥೆಗಳಿಗೆ ಕೊಡಬೇಕು ಅಂತ ಆಸೆ. ಸುದ್ದಿ ಹೇಗೆ ಹಬ್ಬಿತೋ, ಆಗಲೇ ಹದಿನೇಳು ಅರ್ಜಿ ಬಂದಿವೆ. ಒಂಬತ್ತು ದೇವಸ್ಥಾನ ಜೀರ್ಣೋದ್ಧಾರದ್ದೇ! ಅಣ್ಣ ಶಾಲೆಗಳಿಗೆ ಕಂಪ್ಯೂಟರ್ ಕೊಡೋಣ, ಅಪ್ಪನ ಹೆಸರು ಬರೆಸೋಣ ಅಂತಾನೆ. ಅಮೆರಿಕದಲ್ಲಿರೋ ಅಕ್ಕ ತಾನೂ ವರ್ಷಕ್ಕೆ ಎರಡು ಲಕ್ಷ ಸೇರಿಸ್ತೀನಿ ಅಂತಿದ್ದಾಳೆ. ಇಂಥದ್ದು ನಡೆಸಿದ ಅನುಭವ ಇರೋರು ದಯವಿಟ್ಟು ಹೇಳಿ. ಯಾರಿಗೆ ಕೊಡೋದು, ಆಮೇಲೆ ಹೇಗೆ ನೋಡ್ಕೊಳ್ಳೋದು?

ಸಾಗರದ ಸೊಸೆ:
ಮಾವನವರ ಹೆಸರಿನ ಟ್ರಸ್ಟನ್ನು ಹನ್ನೊಂದು ವರ್ಷದಿಂದ ನಾನೇ ನೋಡ್ಕೊಳ್ತಿದ್ದೇನೆ. ನಿಮ್ಮದಕ್ಕಿಂತ ಚಿಕ್ಕದು. ಕಂಪ್ಯೂಟರ್ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡ್ತೀನಿ. ಮೊದಲ ವರ್ಷ ನಾವೂ ಒಂದು ಶಾಲೆಗೆ ಐದು ಕಂಪ್ಯೂಟರ್ ಕೊಟ್ವಿ. ಎರಡು ವರ್ಷ ಬಿಟ್ಟು ಹೋದಾಗ ಹೂವಿನ ಚಿತ್ತಾರದ ಬಟ್ಟೆ ಹೊದಿಸಿ ಇಟ್ಟಿದ್ರು. ಯುಪಿಎಸ್ ಬ್ಯಾಟರಿ ಕೆಟ್ಟು ಒಂದೂವರೆ ವರ್ಷ ಆಗಿತ್ತು. ಮಾನಿಟರಿಗೆ ಹಚ್ಚಿದ ಆಯುಧಪೂಜೆಯ ಅರಿಸಿನ-ಕುಂಕುಮ ಮಾತ್ರ ಹೊಸದು. ಹೆಡ್‌ಮಿಸ್ಸು ಪಾಪ, ಸಂಕೋಚದಲ್ಲೇ ಹೇಳಿದ್ರು: "ಕೇಳ್ಬೇಕು ಅಂತಿದ್ದಿದ್ದು ಬೇರೆ ಮೇಡಂ. ಇಂಗ್ಲಿಷಿಗೆ ಟೀಚರ್ ಇಲ್ಲ. ಊರಿನ ಹುಡುಗಿ ಒಬ್ಳು ಬಿ.ಎಡ್. ಮಾಡ್ಕೊಂಡು ಮನೇಲಿದಾಳೆ, ತಿಂಗಳಿಗೆ ಆರು ಸಾವಿರ ಇದ್ರೆ ಬರ್ತಾಳೆ." ಅವರು ಬಾಯಿ ಬಿಡೋಕೆ ಮುಂಚೆ ನಾವು ಕೊಟ್ಟು, ಫೋಟೋ ತೆಗೆಸ್ಕೊಂಡು ಬಂದಾಗಿತ್ತು.

ಆಮೇಲಿಂದ ಹೊಸ ವಸ್ತು ಕೊಡೋದು ಬಿಟ್ವಿ. ಆಗಲೇ ನಡೀತಿರೋ ಕೆಲಸದ ಸಪ್ಪೆ ಖರ್ಚು ಹೊರ್ತೀವಿ. ಓದುವ ಕೊಠಡಿಯ ಕರೆಂಟ್ ಬಿಲ್ಲು, ಹೊಲಿಗೆ ಕಲಿಸೋರ ಸಂಭಾವನೆ, ಯಕ್ಷಗಾನ ತರಗತಿಗೆ ಬರೋ ಭಾಗವತರ ಬಸ್ ಚಾರ್ಜು, ಇಂಥವು. ಒಬ್ಬರಿಗೆ ಒಪ್ಪಿಕೊಂಡ್ರೆ ಮೂರು ವರ್ಷ ಬಿಡದೆ ಕೊಡ್ತೀವಿ. ಮನೆಯವರಿಗೆ ಮೊದಮೊದಲು ರುಚಿಸಲಿಲ್ಲ. ಕರೆಂಟ್ ಬಿಲ್ಲಿನ ಮೇಲೆ ಮಾವನವರ ಹೆಸರು ಬರೆಸೋಕಾಗುತ್ತಾ ಅಂತ ನಾದಿನಿ ಕೇಳಿದ್ಲು.

ನೋಡೋದು ಹೇಗೆ ಅಂದ್ರಿ. ಒಂದು ಮಾಮೂಲಿ ಬುಧವಾರ ಸಂಜೆ ಹೇಳದೆ ಹೋಗಿ. ಹೇಳಿ ಹೋದ್ರೆ ರಂಗೋಲಿ, ಸ್ವಾಗತಗೀತೆ, ಕೇಸರಿಬಾತು, ಏನೂ ತಿಳಿಯಲ್ಲ. ನಡಾವಳಿ ಪುಸ್ತಕ, ಪಾಸ್‌ಬುಕ್ ಎರಡೇ ಕೇಳಿ. ಒಂದು ಯುವಕ ಮಂಡಲದಲ್ಲಿ ಜನವರಿಯಿಂದ ಜೂನ್‌ವರೆಗಿನ ಆರು ಸಭೆಗೂ ಒಂದೇ ಪೆನ್ನು, ಸಹಿಗಳೂ ಅದೇ ಸಾಲಿನಲ್ಲಿ. ಹಸಿ ಶಾಯಿ ಎದುರಿನ ಹಾಳೆಗೆ ಅಂಟಿತ್ತು. ಹಿಂದಿನ ದಿನವೇ ಕೂತು ಬರೆದಿರಬೇಕು. ಇನ್ನೊಂದು ಕಡೆ ಸ್ತ್ರೀಶಕ್ತಿ ಸಂಘದ ಪುಸ್ತಕ: ಕಾಗುಣಿತ ತಪ್ಪು ತುಂಬ, ಎರಡು ಹೆಬ್ಬೆಟ್ಟು, ಮಧ್ಯದಲ್ಲಿ "ಈ ತಿಂಗಳು ಜಗಳ ಆಗಿ ಸಭೆ ನಿಂತಿತು" ಅಂತ ಒಂದು ಸಾಲು. ಅವರ ಹೊಲಿಗೆ ಕೋಣೆಯ ಬಾಡಿಗೆ ಈಗಲೂ ನಾವೇ ಕಟ್ತಿದ್ದೇವೆ.

ಲೆಕ್ಕದ ಮೇಷ್ಟ್ರು:
ಮೈಸೂರಿನಲ್ಲಿ ಲೆಕ್ಕಪರಿಶೋಧಕ. ಏಪ್ರಿಲ್ 2026ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಂ, ಫಾರಂ ಸಂಖ್ಯೆಗಳು ಬದಲಾಗಿವೆ. ಎಲ್ಲರ ಬಾಯಲ್ಲಿರೋ ಹಳೇ ಹೆಸರಲ್ಲೇ ಹೇಳ್ತೀನಿ.

ಆದಾಯದ 85% ಆ ವರ್ಷವೇ ಧರ್ಮಕಾರ್ಯಕ್ಕೆ ಖರ್ಚಾಗ್ಬೇಕು. ನಾಲ್ಕು ಲಕ್ಷಕ್ಕೆ 3.4 ಲಕ್ಷ. ಆದ್ರೆ ಇನ್ನೊಂದು ನೋಂದಾಯಿತ ಟ್ರಸ್ಟಿಗೆ ಒಂದು ಲಕ್ಷ ಕೊಟ್ರೆ ಇಲಾಖೆ ಅದನ್ನು 85 ಸಾವಿರ ಅಂತಲೇ ಎಣಿಸುತ್ತೆ. ಬಹಳ ಜನ ಇಲ್ಲೇ ಎಡವೋದು. ಊರಿನ ಎಷ್ಟೋ ಸಂಘಗಳಿಗೆ 12ಎಬಿ ಇರೋದೇ ಇಲ್ಲ. ಅಂಥವರ ಕೈಗೆ ದುಡ್ಡು ಕೊಡೋ ಬದಲು ಅಂಗಡಿಯವರ ಬಿಲ್ಲು, ಕಟ್ಟಡದ ಬಾಡಿಗೆ ನೀವೇ ಟ್ರಸ್ಟ್ ಖಾತೆಯಿಂದ ಕಟ್ಟಿ. ಸಾಗರದ ಮೇಡಂ ಮಾಡಿರೋದು ಸರಿಯಾಗಿದೆ. ಒಬ್ಬರಿಗೆ ಒಂದು ದಿನಕ್ಕೆ 10,000 ರೂಪಾಯಿ ಮೀರಿ ನಗದು ಕೊಟ್ರೆ ಅದು ಖರ್ಚಿನ ಲೆಕ್ಕಕ್ಕೆ ಬರಲ್ಲ.

ಜೀರ್ಣೋದ್ಧಾರ: 80ಜಿ ಇರೋ ಟ್ರಸ್ಟ್ ಧಾರ್ಮಿಕ ಕೆಲಸಕ್ಕೆ ಆದಾಯದ 5% ದಾಟುವಂತಿಲ್ಲ. ನಿಮಗೆ ಸುಮಾರು 20 ಸಾವಿರ. ಒಂಬತ್ತು ದೇವಸ್ಥಾನಕ್ಕೆ ಹಂಚಿದ್ರೆ ತಲಾ 2,200 ರೂಪಾಯಿ, ನೋಡಿ.

ಅಕ್ಕನವರ ಪಾಸ್‌ಪೋರ್ಟ್ ಯಾವುದು ಅಂತ ಮೊದಲು ಕೇಳಿ. ಭಾರತದ್ದೇ ಇದ್ದು, ಸ್ವಂತ ಉಳಿತಾಯದ ಹಣ ಬ್ಯಾಂಕ್ ಮೂಲಕ ಕಳಿಸಿದ್ರೆ ತೊಂದರೆ ಇಲ್ಲ. ಅಮೆರಿಕದ ಪೌರತ್ವ ತಗೊಂಡಿದ್ರೆ, ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡೋ ಓಸಿಐ ಕಾರ್ಡ್ ಇದ್ರೂ, ರೂಪಾಯಿಯಲ್ಲೇ ಕೊಟ್ರೂ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ಪಡೆಯೋಕೆ ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ಮುಟ್ಟಬೇಡಿ. ಆ ನೋಂದಣಿ ಸಿಗೋಕೆ ಟ್ರಸ್ಟಿಗೆ ಮೂರು ವರ್ಷ ತುಂಬಿರಬೇಕು, ಆ ಅವಧಿಯಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. ಸಿಕ್ಕರೂ 2020ರ ತಿದ್ದುಪಡಿಯ ನಂತರ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ನಿಮ್ಮ ಅಳತೆಯ ಟ್ರಸ್ಟಿಗೆ ಅದರ ಉಸಾಬರಿಯೇ ಬೇಡ.

ಇನ್ನೊಂದು, ಮಂಡಿ ಮನೆಯವರು ಅಂದ್ರಲ್ಲ, ಅದಕ್ಕೆ ಹೇಳ್ತೀನಿ: ಟ್ರಸ್ಟ್ ಹಣ ಬ್ಯಾಂಕು, ಅಂಚೆ ಕಚೇರಿಯಂಥ ಕಾನೂನು ಹೇಳಿದ ಜಾಗದಲ್ಲೇ ಇರ್ಬೇಕು. ಪರಿಚಯದ ವ್ಯಾಪಾರಿಗೆ ಬಡ್ಡಿಗೆ ಬಿಡೋ ಹಾಗಿಲ್ಲ.

ಗದಗಿನ ಮಾಸ್ತರ:
ನಾವು ಇಸಗೊಳ್ಳೋ ಕಡೆಯವರು, ಹಂಗಾಗಿ ನಮ್ಮ ಮಾತ ಬ್ಯಾರೆ ಐತ್ರಿ. ಹಳ್ಳ್ಯಾಗ ಸಂಜಿ ಮುಂದ ಹುಡುಗರಿಗೆ ಓದಿನ ಮನಿ ನಡಸ್ತೀವಿ. ದಾನಿಗಳ ಫೋನ್ ಯಾವಾಗ ಬರ್ತೈತಿ ಹೇಳ್ರಿ? ಮಾರ್ಚ್ ಮೂರನೇ ವಾರ. "ಮಾಸ್ತರ, 31ರೊಳಗ ಬಿಲ್ ಬೇಕು, ಒಂದ ಲಕ್ಷದ್ದು ಏನರ ತಗೋರಿ." ಹತ್ತ ದಿನದಾಗ ಏನ್ ತಗೊಳ್ಳೂಣು? ಕುರ್ಚಿ ತಗೋತೀವಿ. ಈಗ ನಮ್ಮಲ್ಲೆ ಪ್ಲಾಸ್ಟಿಕ್ ಕುರ್ಚಿ 140 ಅದಾವು, ಓದೋ ಹುಡುಗರು 35. ಅವರೂ ಚಾಪಿ ಮ್ಯಾಲೆ ಕೂಡ್ತಾರ. ನಮಗ ರೊಕ್ಕ ಬೇಕಾಗೋದು ಜೂನಿನಾಗ, ಸಾಲಿ ಚಾಲೂ ಆದಾಗ. ಆವಾಗ ಯಾರೂ ಫೋನ್ ಎತ್ತಂಗಿಲ್ಲ.

ಒಂದ ವರ್ಷ 25 ಸಾವಿರದ ಚೆಕ್ ಬಂತು. ಅದನ್ನ ಕೊಡೋ ಕಾರ್ಯಕ್ರಮಕ್ಕ ಫ್ಲೆಕ್ಸ್, ಶಾಲು, ಹಾರ, ಮೈಕು, ಬಂದ ಮಂದಿಗೆ ಉಪ್ಪಿಟ್ಟು-ಶಿರಾ, ಎಲ್ಲಾ ಸೇರಿ 7,200 ನಮ್ಮ ಕಿಸೇದಿಂದ ಹೋತು. ಅವರು ಮಾಡ್ರಿ ಅಂದಿರಲಿಲ್ಲ ಖರೆ, ಬ್ಯಾಡ ಅಂತನೂ ಅನಲಿಲ್ಲ. ಸುಮ್ನ ಬ್ಯಾಂಕಿಗೆ ಹಾಕಿ ಒಂದ ಫೋನ್ ಮಾಡ್ರಿ. ಮತ್ತ ಇಲ್ಲ ಅನ್ನೋದಿದ್ರ ಲಗೂನ ಅಂದುಬಿಡ್ರಿ. "ನೋಡೂಣು" ಅಂದವರ ಸಲುವಾಗಿ ಎಂಟ್ ತಿಂಗಳ ಕಾದೀವಿ.

ಲೆಕ್ಕದ ಮೇಷ್ಟ್ರು:
ಮಾಸ್ತರ ಮಾತಿಗೆ ನಮ್ಮವರೂ ಹೊಣೆ, ಒಪ್ಪಿಕೊಳ್ತೀನಿ. ಮಾರ್ಚ್ ಗಡಿಬಿಡಿ ಬೇಕಾಗೇ ಇಲ್ಲ. 15% ಹೇಗೂ ಉಳಿಸ್ಕೋಬಹುದು. ಬಾಕಿಯದ್ದನ್ನೂ ಇಂಥ ಉದ್ದೇಶಕ್ಕೆ ಅಂತ ಫಾರಂ 10ರಲ್ಲಿ ತೋರಿಸಿ ಐದು ವರ್ಷದವರೆಗೆ ತೆಗೆದಿಡೋಕೆ ಅವಕಾಶ ಇದೆ. ಆದ್ರೆ ಹಾಗೆ ತೆಗೆದಿಟ್ಟದ್ದನ್ನು ನೀವೇ ಖರ್ಚು ಮಾಡ್ಬೇಕು, ಬೇರೆ ಟ್ರಸ್ಟಿಗೆ ಕೊಡೋ ಹಾಗಿಲ್ಲ. ಠೇವಣಿ ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರೋ ಹಾಗೆ ಇಟ್ರೆ ಜೂನಿನಲ್ಲೇ ಕೊಡಬಹುದು.

ಪುತ್ತೂರಿನವ:
ವಸ್ತು ಕೊಡಲೇಬಾರದು ಎನ್ನುವುದನ್ನು ನಾನು ಒಪ್ಪುವುದಿಲ್ಲ ಮಾರಾಯ್ರೆ. ನಮ್ಮ ಯುವಕ ಮಂಡಲಕ್ಕೆ ಒಂದು ಕುಟುಂಬದವರು ಅಡುಗೆ ಪಾತ್ರೆ ಕೊಟ್ಟರು. ಕೊಪ್ಪರಿಗೆ, ಹಂಡೆ, ಸೌಟು, 300 ಬಟ್ಟಲು. ಮದುವೆಗೆ, ಬೊಜ್ಜಕ್ಕೆ (ಸತ್ತವರ ಉತ್ತರಕ್ರಿಯೆಗೆ) ಬಾಡಿಗೆಗೆ ಹೋಗ್ತದೆ. ಲೈಬ್ರರಿಯ ಪೇಪರ್ ಬಿಲ್ಲು ಹನ್ನೆರಡು ವರ್ಷದಿಂದ ಅದರಲ್ಲೇ ನಡೀತಾ ಉಂಟು. ಆದರೆ ಪಾತ್ರೆ ಬೇಕು ಅಂತ ಕೇಳಿದ್ದು ನಾವೇ, ಅದು ಬೇರೆ. ಹೆಸರು ಪಾತ್ರೆಯ ಅಡಿಗೆ ಕೊರೆಸಿದ್ದಾರೆ. ಅನ್ನ ಬಗ್ಗಿಸುವಾಗೆಲ್ಲ ಕಾಣ್ತದೆ! ನಿಮ್ಮ ಕಡೆಯ ಗುಬ್ಬಿ ತೋಟದಪ್ಪನವರೂ ವ್ಯಾಪಾರಿಯೇ ಅಲ್ವಾ? 1903ರ ಛತ್ರ ಬೆಂಗಳೂರು ರೈಲು ನಿಲ್ದಾಣದ ಎದುರಿಗೆ ಇವತ್ತಿಗೂ ಉಂಟು. ನಿಮ್ಮ ಅಣ್ಣನವರಿಗೆ ಅದನ್ನು ಒಮ್ಮೆ ತೋರಿಸಿ.

ಕೊಬ್ಬರಿಮಂಡಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ ನಾಲ್ಕು ವರ್ಷದ ಹಿಂದೆಯೇ ಅಲ್ಲಿನ ಪೌರತ್ವ ತಗೊಂಡಿದ್ದಾಳೆ, ಸದ್ಯ ಕೇಳಿದ್ದು ಒಳ್ಳೇದಾಯ್ತು. ಪಾತ್ರೆ ವಿಷಯ ಹೇಳಿದ ಮೇಲೆ ಅಣ್ಣ ಸ್ವಲ್ಪ ಮೆತ್ತಗಾಗಿದ್ದಾನೆ. ಆದ್ರೆ ದೇವಸ್ಥಾನದವರಿಗೆ ಇಲ್ಲ ಅನ್ನೋದು ಹೇಗೆ? ಎಲ್ಲ ನೆಂಟರು, ಇಷ್ಟರು.

ಸಾಗರದ ಸೊಸೆ:
ಆಡಿಟರ್ ಬಿಡ್ತಿಲ್ಲ ಅನ್ನಿ. ನಾನು ಹನ್ನೊಂದು ವರ್ಷದಿಂದ ಅದನ್ನೇ ಹೇಳ್ತಿರೋದು. ಪಾಪ, ನಮ್ಮ ಆಡಿಟರಿಗೆ ಊರಲ್ಲಿ ಒಳ್ಳೇ ಹೆಸರೇ ಇಲ್ಲ. ಮನೆ ಮಟ್ಟಿಗೆ ಕೊಡೋದಿದ್ರೆ ನಿಮ್ಮ ಸ್ವಂತ ಜೇಬಿಂದ ಕೊಡಿ, ಅದಕ್ಕೆ ಯಾರೂ ಅಡ್ಡ ಬರಲ್ಲ.

ಕೊಬ್ಬರಿಮಂಡಿ:
ಸರಿ ಅಕ್ಕಾ. ನಿನ್ನೆ ನೀವು ಹೇಳಿದ ಹಾಗೆ ಹೇಳದೆ ಒಂದು ಸಾಂಸ್ಕೃತಿಕ ಸಂಘಕ್ಕೆ ಹೋಗಿದ್ದೆ. ಅರ್ಜಿಯಲ್ಲಿ "ದಿನನಿತ್ಯದ ಚಟುವಟಿಕೆ" ಅಂತಿತ್ತು. ಬಾಗಿಲಿಗೆ ಬೀಗ, ಬೀಗಕ್ಕೆ ಜೇಡರ ಬಲೆ. ಪಕ್ಕದ ಮನೆ ಜಗುಲಿ ಮೇಲಿದ್ದ ಅಜ್ಜಿ "ಗಣೇಶನ ಹಬ್ಬಕ್ಕೆ ಬಾ ಮಗ, ಆಗ ತೆಗೀತಾರೆ" ಅಂದ್ರು. ದೇವಸ್ಥಾನದ ಒಂಬತ್ತು ಬಿಟ್ರೆ ಇನ್ನು ಏಳು ನೋಡೋದಿದೆ.