ರೆಫ್ರಿ ಮೇಲೆ ಕೈ ಮಾಡಿದ ನಮ್ಮ ಹುಡುಗ: ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಕೇಳುತ್ತಿರುವವರು: ಕಾಲೇಜೊಂದರ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕರು), ಮೈಸೂರು ಕಡೆ

ಹೋದ ವಾರ ಇಂಟರ್ ಕಾಲೇಜ್ ಫುಟ್‌ಬಾಲ್ ಸೆಮಿಫೈನಲ್ ಇತ್ತು. ಸ್ಕೋರ್ 1-1. ಆಟ ಮುಗಿಯಲು ಎರಡು ನಿಮಿಷ ಇರುವಾಗ ನಮ್ಮವರು ಹೊಡೆದ ಗೋಲನ್ನು ಆಫ್‌ಸೈಡ್ ಅಂದರು, ಅಂದರೆ ಚೆಂಡು ಒದೆಯುವ ಗಳಿಗೆಗೇ ನಮ್ಮವನು ಎದುರಾಳಿ ಡಿಫೆಂಡರ್‌ಗಳನ್ನು ದಾಟಿ ಮುಂದಿದ್ದ ಅಂತ. ಐದಾರು ಹುಡುಗರು ಹೋಗಿ ರೆಫ್ರಿಯನ್ನು ಸುತ್ತುಗಟ್ಟಿದರು. ನಮ್ಮ ಸ್ಟ್ರೈಕರ್ ಎರಡೂ ಕೈಯಿಂದ ಅವರ ಎದೆಗೆ ತಳ್ಳಿದ. ಅವರು ಬೀಳಲಿಲ್ಲ, ಕೈಯಲ್ಲಿದ್ದ ವಿಸಿಲ್ ಮಣ್ಣಿಗೆ ಬಿತ್ತು. ಕೆಂಪು ಕಾರ್ಡ್ ಆಯ್ತು. ನಾವು ಸೋತೆವು. ಈಗ ಮ್ಯಾನೇಜ್‌ಮೆಂಟಿನವರು ಟೀಮನ್ನೇ ನಿಲ್ಲಿಸಿ ಅಂತಾರೆ. ಹುಡುಗರು ರೆಫ್ರಿದೇ ತಪ್ಪು ಅಂತಾರೆ. ತಳ್ಳಿದವನು ಎರಡನೇ ವರ್ಷದ ಬಿ.ಕಾಂ., ನಿಜಕ್ಕೂ ಒಳ್ಳೆಯ ಹುಡುಗ. ಇಂಥದ್ದನ್ನು ಕಂಡವರು ದಯವಿಟ್ಟು ಹೇಳಿ.

ಹದಿನಾಲ್ಕು ವರ್ಷದಿಂದ ವಿಸಿಲ್ ಹಿಡಿದವರು, ಬೆಳಗಾವಿ

ಸರ್, ಆ ರೆಫ್ರಿಗೆ ಒಂದು ಫೋನ್ ಮಾಡಿದ್ದೀರಾ? ಇಲ್ಲ ಅಂದರೆ ಇವತ್ತೇ ಮಾಡಿ. ರಿಪೋರ್ಟ್ ಬಗ್ಗೆ ಒಂದು ಮಾತೂ ಎತ್ತಬೇಡಿ. ಹೇಗಿದ್ದೀರಿ ಅಂತ ಮಾತ್ರ ಕೇಳಿ.

ನನಗೂ ಒಮ್ಮೆ ಹೀಗೇ ಆಗಿತ್ತು. ಒಬ್ಬ ಹುಡುಗ ತಳ್ಳಿದ, ಇನ್ನೊಬ್ಬ ಹಿಂದಿನಿಂದ ಜರ್ಸಿ ಎಳೆದ. ಅಲ್ಲಿ ಡ್ರೆಸಿಂಗ್ ರೂಮ್ ಅಂತ ಏನೂ ಇರಲಿಲ್ಲ, ಒಂದು ಶಾಮಿಯಾನ ಅಷ್ಟೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತೊಡೆ ಮೇಲೆ ಹಾಳೆ ಇಟ್ಟುಕೊಂಡು ರಿಪೋರ್ಟ್ ಬರೆಯಲು ಹೋದರೆ ಕೈ ನಡುಗುತ್ತಿತ್ತು. ನನ್ನ ಹೆಸರನ್ನೇ ಎರಡು ಸಲ ಹೊಡೆದು ಬರೆದೆ. ಆ ಟೀಮಿನವರು ಹತ್ತು ಹೆಜ್ಜೆ ದೂರದಲ್ಲಿ ಬಾಳೆಹಣ್ಣು ತಿನ್ನುತ್ತಾ ನಿಂತಿದ್ದರು. ಏಟಾಯ್ತಾ ಸರ್ ಅಂತ ಒಬ್ಬರೂ ಬರಲಿಲ್ಲ. ತಳ್ಳಿದ್ದು ಮರೆತುಹೋಗಿದೆ. ಇದು ಮರೆತಿಲ್ಲ.

ಇನ್ನು ಶಿಕ್ಷೆ ವಿಷಯ. ಅದು ಹುಡುಗನಿಗಿರಲಿ, ಟೀಮಿಗೆ ಬೇಡ. 1998ರಲ್ಲಿ ಇಂಗ್ಲೆಂಡಿನಲ್ಲಿ ಪಾವ್ಲೊ ಡಿ ಕ್ಯಾನಿಯೊ ಕೂಡ ನಿಮ್ಮ ಹುಡುಗನ ಥರಾನೇ ಎರಡೂ ಕೈಯಿಂದ ರೆಫ್ರಿ ಪಾಲ್ ಆಲ್ಕಾಕ್ ಅವರನ್ನು ತಳ್ಳಿದ್ದರು. 11 ಪಂದ್ಯ ಹೊರಗೆ ಕೂರಿಸಿದರು. ರೆಫ್ರಿಗೆ ಹೊಡೆದರೆ ಫಿಫಾದ ಶಿಸ್ತಿನ ನಿಯಮದಲ್ಲಿ ಕಡಿಮೆ ಅಂದರೂ 15 ಪಂದ್ಯ ಅಂತಿದೆ. ಟೂರ್ನಮೆಂಟಿನವರು ಏನು ಕೊಡುತ್ತಾರೋ ಅಂತ ಕಾಯಬೇಡಿ. ಕಾಲೇಜೇ ಮೊದಲು ಹೇಳಲಿ.

ಗ್ರೌಂಡಿನಲ್ಲಿ ಮಾಡಬೇಕಾದ್ದೂ ಇದೆ. ಒಬ್ಬ ಹುಡುಗ ಬಂದು ಕೇಳಿದರೆ ನಾನು ಉತ್ತರ ಕೊಡಬಲ್ಲೆ. ಆರು ಜನ ಸುತ್ತ ನಿಂತರೆ ಯಾರ ಮಾತೂ ಕಿವಿಗೆ ಬೀಳಲ್ಲ, ಹಿಂದೆ ಸರಿಯಲೂ ಜಾಗ ಇರಲ್ಲ. 2024ರ ಯೂರೋ ಕಪ್‌ನಲ್ಲಿ ಕ್ಯಾಪ್ಟನ್ ಒಬ್ಬನೇ ರೆಫ್ರಿ ಹತ್ತಿರ ಹೋಗಬೇಕು ಅಂತ ಮಾಡಿದ್ದರಲ್ವಾ, ಅದನ್ನು ನಿಮ್ಮ ಟೀಮಿಗೆ ನೀವೇ ನಿಯಮ ಮಾಡಿಕೊಳ್ಳಿ. ಜೊತೆಗೆ ಸಮಾಧಾನದ ಸ್ವಭಾವದ ಇಬ್ಬರನ್ನು ಮೊದಲೇ ಗೊತ್ತು ಮಾಡಿ. ಅವರ ಕೆಲಸ ಒಂದೇ: ಯಾರಾದರೂ ಕೆರಳಿದರೆ ಹಿಂದಿನಿಂದ ಸೊಂಟ ಹಿಡಿದು ಎಳೆದುಕೊಂಡು ಹೋಗುವುದು. ಮುಂದೆ ನಿಂತು ತಡೆದರೆ ಇನ್ನೂ ಜಾಸ್ತಿ ನುಗ್ಗುತ್ತಾರೆ. ಪ್ರಾಕ್ಟೀಸಿನಲ್ಲಿ ಬೇಕಂತಲೇ ತಪ್ಪು ವಿಸಿಲ್ ಊದಿ ಇದನ್ನು ಮಾಡಿಸಿ ನೋಡಿ.

ಒಂದು ವಿಷಯ ಹುಡುಗರಿಗೆ ತಿಳಿಸಿ ಹೇಳಿ. ಆಟ ಮತ್ತೆ ಶುರುವಾದ ಮೇಲೆ, ನಾನು ತಪ್ಪು ಮಾಡಿದೆ ಅಂತ ನನಗೇ ಗೊತ್ತಾದರೂ ಆ ಗೋಲನ್ನು ವಾಪಸ್ ಕೊಡಲು ನಿಯಮ ಬಿಡಲ್ಲ.

ಕೊಲಂಬಸ್‌ನಲ್ಲಿರುವ ಕನ್ನಡಿಗರು, ಅಮೆರಿಕ

ಇಲ್ಲಿ ಕಾಲೇಜ್ ಫುಟ್‌ಬಾಲ್ ಅಂದರೆ ಮೊಟ್ಟೆಯಾಕಾರದ ಚೆಂಡು, ಹೆಲ್ಮೆಟ್ಟು. ಆಟವೇ ಬೇರೆ. ಆದರೆ ನಿಮ್ಮ ಕಷ್ಟ ಇಲ್ಲಿಯದೂ ಹೌದು. ಬೇಕಂತಲೇ ರೆಫ್ರಿಯನ್ನು ತಳ್ಳಿದರೆ ಟೀಮಿಗೆ 15 ಗಜ ಹಿಂದೆ ಸರಿಯುವ ದಂಡ, ಆಟಗಾರ ನೇರ ಹೊರಗೆ.

ನಮ್ಮೂರಿನ ಒಹಾಯೊ ಸ್ಟೇಟ್ ಯೂನಿವರ್ಸಿಟಿಗೆ ವುಡಿ ಹೇಯ್ಸ್ ಅಂತ ದೊಡ್ಡ ಕೋಚ್ ಇದ್ದರು. 28 ಸೀಸನ್, 205 ಗೆಲುವು. 1971ರಲ್ಲಿ ಮಿಷಿಗನ್ ಮೇಲಿನ ಪಂದ್ಯದಲ್ಲಿ ರೆಫ್ರಿಗಳ ತೀರ್ಪಿಗೆ ಸಿಟ್ಟಾಗಿ ಮೈದಾನಕ್ಕೇ ನುಗ್ಗಿ ಕೂಗಾಡಿದರು, ಗೆರೆ ಪಕ್ಕದ ಗುರುತುಗಳನ್ನು ಕಿತ್ತು ಮುರಿದರು. ಅದಾದ ಮೇಲೂ ಕೋಚ್ ಆಗಿಯೇ ಇದ್ದರು. 1978ರ ಡಿಸೆಂಬರ್ 29ರಂದು ಗೇಟರ್ ಬೌಲ್ ಪಂದ್ಯದಲ್ಲಿ, ಚೆಂಡು ಕಸಿದುಕೊಂಡು ತಮ್ಮ ಬೆಂಚಿನ ಹತ್ತಿರ ಬಂದು ಬಿದ್ದ ಎದುರಾಳಿ ಹುಡುಗ ಚಾರ್ಲಿ ಬಾಮನ್‌ಗೆ ಗುದ್ದಿಬಿಟ್ಟರು. ಆಗ ಅವರಿಗೆ 65 ವರ್ಷ. ಮರುದಿನ ಕೆಲಸ ಹೋಯಿತು. ಇಲ್ಲಿ ಇವತ್ತಿಗೂ ಅವರ ಹೆಸರಿನ ರಸ್ತೆ ಇದೆ, ನಾನು ಅದರಲ್ಲೇ ಓಡಾಡುತ್ತೇನೆ. ಆ ಕಡೆ ಹೋದಾಗೆಲ್ಲ 1971ರಲ್ಲೇ ಯಾರಾದರೂ ಅವರನ್ನು ಗಟ್ಟಿಯಾಗಿ ತಡೆದಿದ್ದರೆ ಅನಿಸುತ್ತದೆ. ಹಾಗಾಗಿ ನಿಮ್ಮ ಹುಡುಗನನ್ನು ಈಗಲೇ ತಡೆಯಿರಿ.

ಆದರೆ ಕೈಬಿಡಬೇಡಿ. 2009ರಲ್ಲಿ ಆರೆಗನ್ ಯೂನಿವರ್ಸಿಟಿಯ ಲಗ್ಯಾರೆಟ್ ಬ್ಲೌಂಟ್ ಪಂದ್ಯ ಸೋತ ಕೂಡಲೇ ಎದುರಾಳಿಗೆ ಗುದ್ದಿದ. ಮರುದಿನವೇ ಆ ಸೀಸನ್ನಿಗೆ ಸಸ್ಪೆಂಡ್ ಮಾಡಿದರು. ಸ್ಕಾಲರ್‌ಶಿಪ್ ಮಾತ್ರ ಕಿತ್ತುಕೊಳ್ಳಲಿಲ್ಲ, ಪ್ರಾಕ್ಟೀಸಿಗೆ ಬಿಟ್ಟರು. ನಡತೆ ನೋಡಿ ನವೆಂಬರ್‌ನಲ್ಲಿ ವಾಪಸ್ ಸೇರಿಸಿಕೊಂಡರು. ಆಮೇಲೆ ಅವನು ವೃತ್ತಿಪರ ಆಟದಲ್ಲಿ ಮೂರು ಸಲ ಸೂಪರ್ ಬೌಲ್ (ಅಲ್ಲಿಯ ಲೀಗಿನ ಫೈನಲ್) ಗೆದ್ದ ತಂಡಗಳಲ್ಲಿದ್ದ.

ಅವತ್ತು ಕಂಠೀರವದಲ್ಲಿದ್ದವರು, ಬೆಂಗಳೂರು

2023ರ ಮಾರ್ಚ್ 3. ಎದುರಾಳಿಗಳು ಸಜ್ಜಾಗುವ ಮೊದಲೇ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಬೇಗ ಹೊಡೆದ ಫ್ರೀ ಕಿಕ್ ಗೋಲಾಯಿತು, ಅದನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್ ಟೀಮ್ ಮೈದಾನ ಬಿಟ್ಟು ಹೊರಟಿತು. ಹುಡುಗರನ್ನು ಒಳಗೆ ಕರೆದಿದ್ದು ಅವರ ಕೋಚ್. ಕ್ಲಬ್ಬಿಗೆ 4 ಕೋಟಿ ದಂಡ, ಕೋಚಿಗೆ 10 ಪಂದ್ಯ ನಿಷೇಧ. ಬೆಂಚ್ ಬಿಸಿಯಾದರೆ ಮೈದಾನ ತಣ್ಣಗಿರಲ್ಲ. ನಿಮ್ಮ ಬೆಂಚಿನಲ್ಲಿ ಅವತ್ತು ಯಾರು ಏನು ಕೂಗಿದರು ಅಂತಲೂ ಯೋಚಿಸಿ.

ಒಂದು ಕಾಲದ ಲೆಫ್ಟ್ ಬ್ಯಾಕ್, ಕೆ.ಜಿ.ಎಫ್.

ಸರ್, ಆ ಹುಡುಗ ನಾನೇ ಅಂದುಕೊಳ್ಳಿ. ಫೈನಲ್ ಇಯರ್‌ಗೆ ಮುಂಚೆ ಲೈನ್ಸ್‌ಮನ್ (ಗೆರೆ ಪಕ್ಕ ಬಾವುಟ ಹಿಡಿದು ರೆಫ್ರಿಗೆ ನೆರವಾಗುವವರು) ಒಬ್ಬರ ಕಾಲರ್ ಹಿಡಿದಿದ್ದೆ. ನಮ್ಮ ಪಿ.ಡಿ. ಸರ್ ಬೈಯಲಿಲ್ಲ. ಈ ಸೀಸನ್ ಆಡುವ ಹಾಗಿಲ್ಲ, ಪ್ರಾಕ್ಟೀಸ್ ತಪ್ಪಿಸುವ ಹಾಗೂ ಇಲ್ಲ ಅಂದರು. ಶನಿವಾರ ಹೈಸ್ಕೂಲ್ ಮಕ್ಕಳ ಮ್ಯಾಚ್ ಇದ್ದರೆ ಕೈಗೆ ಬಾವುಟ ಕೊಟ್ಟು ಗೆರೆ ಮೇಲೆ ನಿಲ್ಲಿಸುತ್ತಿದ್ದರು.

ಆಗ ಗೊತ್ತಾಯಿತು. ಚೆಂಡು ಒದೆಯುವ ಕಾಲು ಒಂದು ಕಡೆ, ಓಡುವ ಫಾರ್ವರ್ಡ್ ಇನ್ನೊಂದು ಕಡೆ. ಎರಡನ್ನೂ ಒಂದೇ ಗಳಿಗೆಯಲ್ಲಿ ನೋಡಬೇಕು. ಮೊದಲ ದಿನವೇ ಒಂದು ಆಫ್‌ಸೈಡ್ ತಪ್ಪು ಕೊಟ್ಟೆ. ಗೋಲು ಹೋದ ಹುಡುಗ ಎಂಟನೇ ಕ್ಲಾಸಿನವನು ಇರಬೇಕು. ನನ್ನ ಮುಖ ನೋಡಿದ, ಕಣ್ಣು ಒರೆಸಿಕೊಂಡ, ತಿರುಗಿ ಓಡಿಹೋದ. ಏನೂ ಅನ್ನಲಿಲ್ಲ. ಸಂಜೆ ಆ ಲೈನ್ಸ್‌ಮನ್ ಮನೆ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಯಾರೂ ಹೋಗು ಅಂತ ಹೇಳಿರಲಿಲ್ಲ.

ಮತ್ತೆ ಪಿ.ಡಿ., ಮೈಸೂರು ಕಡೆ

ಎಲ್ಲರಿಗೂ ಥ್ಯಾಂಕ್ಸ್. ರೆಫ್ರಿಗೆ ಫೋನ್ ಮಾಡಿದೆ. ಭುಜ ಸ್ವಲ್ಪ ನೋಯುತ್ತಿದೆಯಂತೆ. ಭಾನುವಾರ ಹುಡುಗನನ್ನು ಕರೆದುಕೊಂಡು ಹೋಗುತ್ತೇನೆ, ಬರುತ್ತೇನೆ ಅಂದಿದ್ದಾನೆ. ಈ ಸೀಸನ್ ಅವನು ಆಡಲ್ಲ, ಬಾವುಟ ಹಿಡಿಯುತ್ತಾನೆ. ಟೀಮ್ ಉಳಿಸಿಕೊಡಿ ಅಂತ ನಾಳೆ ಪ್ರಿನ್ಸಿಪಾಲರನ್ನು ಕೇಳುತ್ತೇನೆ. ಬೆಂಚಿನ ಬಗ್ಗೆ ಕೇಳಿದಿರಲ್ಲ, ಆಫ್‌ಸೈಡ್ ಬಾವುಟ ಎದ್ದ ಕೂಡಲೇ ಮೊದಲು ಎದ್ದು ಕೂಗಿದ್ದು ನಾನು. ಅದನ್ನೂ ನಾಳೆ ಅವರಿಗೆ ಹೇಳುತ್ತೇನೆ.